ಹತ್ತಿದ ಮೇಲೆ ಟಿಕೆಟ್

ವಿದ್ಯಾರಣ್ಯಪುರಂ, ಮೈಸೂರು
20 ಆಗಸ್ಟ್ 2001

ಮೈದುನ ಸಿದ್ದಲಿಂಗಸ್ವಾಮಿಗೆ,

ನಿನ್ನ ಅಣ್ಣ ಹೋಗಿ ಐದು ತಿಂಗಳಾಯಿತು. ನೀನು ಒಂದು ಕಾಗದ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಕ್ಷೇಮ ಕೇಳಲು ಅಲ್ಲ.

ಮೊನ್ನೆ ಶನಿವಾರ ಹೊಲಿದ ರವಿಕೆಗಳನ್ನು ಕೊಟ್ಟು ಬರಲು ಸರಸ್ವತಿಪುರಂಗೆ ಹೋಗಿದ್ದೆ. ಬಸ್ ಸ್ಟಾಪಿನ ಗೋಡೆಯ ಮೇಲೆ, ಟ್ಯುಟೋರಿಯಲ್ ಜಾಹೀರಾತಿನ ಪಕ್ಕದಲ್ಲಿ, ನಿನ್ನ ಅಣ್ಣನ ಫೋಟೊ ಅಂಟಿಸಿತ್ತು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ತೆಗೆಸಿದ ಫೋಟೊ. ಬ್ಯಾಗನ್ನು ಕತ್ತರಿಸಿ ಮುಖ ಮಾತ್ರ ಉಳಿಸಿದ್ದೀಯ. ಕೆಳಗೆ ದಪ್ಪಕ್ಷರದಲ್ಲಿ, "ಹಳದಿ ರೇಷನ್ ಕಾರ್ಡಿದ್ದ ಬಡವ ಚನ್ನಬಸವಯ್ಯನನ್ನು ಹಣಕ್ಕಾಗಿ ಸಾಲಿನಲ್ಲಿ ನಿಲ್ಲಿಸಿ ಕೊಂದರು. ಆಸ್ಪತ್ರೆಯ ಶುಲ್ಕ ಏರಿಕೆ ಬೇಡ." ಅದರ ಕೆಳಗೆ ನಿಮ್ಮ ಸಮಿತಿಯ ಹೆಸರು, ಕಾರ್ಯದರ್ಶಿ ಎಂದು ನಿನ್ನ ಹೆಸರು, ದಾವಣಗೆರೆಯ ವಿಳಾಸ.

ನಾನು ಅಲ್ಲಿಯೇ ನಿಂತುಬಿಟ್ಟೆ. ಬಸ್ಸು ಬಂತು, ಹೋಯಿತು. ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ನಂಜುಂಡಯ್ಯನವರು ಗೇಟಿನ ಹತ್ತಿರವೇ ಕಾಯುತ್ತಿದ್ದರು. "ಏನು ಗಿರಿಜಮ್ನೋರೆ, ನಿಮ್ಮೆಜಮಾನ್ರು ಯಾವ ಪಾರ್ಟಿಯಿಂದ ನಿಂತವ್ರೆ? ಗೋಡೆ ಮೇಲೆಲ್ಲ ಅವ್ರೇ ಇದಾರೆ" ಎಂದರು. ಆಮೇಲೆ ದನಿ ಇಳಿಸಿ, "ಅದ್ಸರಿ, ನಿಮ್ದು ಹಳದಿ ಕಾರ್ಡು ಅಂತ ನಂಗೆ ಗೊತ್ತೇ ಇರ್ಲಿಲ್ಲ ಬುಡಿ" ಎಂದರು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.

ನಿನ್ನ ಅಣ್ಣ ಬದುಕಿದ್ದಾಗ ಪಡಸಾಲೆಯಲ್ಲಿ ನಾಲ್ಕು ಜನ ಸೇರಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ ಮನುಷ್ಯ. ಅಂಥವರನ್ನು ಗೋಡೆಯ ಮೇಲೆ ಅಂಟಿಸಿದ್ದೀಯ. ತೆಗೆಸು.

ಇನ್ನೊಂದು ವಿಷಯವನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಡಾಕ್ಟರಿಗೆ ತೋರಿಸುವ ಮೊದಲು ಕೊಳ್ಳುವ ಎರಡು ರೂಪಾಯಿಯ ಚೀಟಿಯನ್ನು ಹತ್ತು ರೂಪಾಯಿ ಮಾಡಬೇಕು, ಆ ಹಣ ಬೆಂಗಳೂರಿಗೆ ಹೋಗದೆ ಇಲ್ಲೇ ಉಳಿಯಬೇಕು, ಅದರಲ್ಲಿ ರಾತ್ರಿ ಪಾಳಿಗೆ ಇನ್ನಷ್ಟು ನರ್ಸುಗಳನ್ನು ಹಾಕಬೇಕು ಎಂದು ಆಸ್ಪತ್ರೆಯ ಕಮಿಟಿ ಯೋಚಿಸಿದೆಯಂತೆ. ನವೆಂಬರಿನಲ್ಲಿ ಜನರನ್ನು ಕರೆದು ಕೇಳುತ್ತಾರೆ. ಅಲ್ಲಿಯ ದೊಡ್ಡ ಡಾಕ್ಟರು ತೇಜಸ್ವಿನಿಯವರು ನನ್ನನ್ನು ಮಾತಾಡಲು ಕೇಳಿದ್ದಾರೆ. ನಾನು ಒಪ್ಪಿದ್ದೇನೆ. ಶುಲ್ಕ ಜಾಸ್ತಿ ಮಾಡಲಿ ಎಂದೇ ಹೇಳುತ್ತೇನೆ.

ಅತ್ತಿಗೆ
ಗಿರಿಜಾಂಬಾ

*

ದಾವಣಗೆರೆ
30 ಆಗಸ್ಟ್ 2001

ಅತ್ತಿಗೆಯವರಿಗೆ,

ಫೋಟೊ ತೆಗೆಸುವುದಿಲ್ಲ.

ಅವನು ನಿಮಗೆ ಗಂಡನಾಗುವ ಮೊದಲೇ ನನಗೆ ಅಣ್ಣ. ಅವನ ಸಾವಿನ ಬಗ್ಗೆ ಮಾತಾಡಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನೀವು ಶುಲ್ಕ ಏರಿಕೆಯ ಪರವಾಗಿ ಮಾತಾಡುತ್ತೀರಿ ಎಂಬುದನ್ನು ಎರಡು ಸಲ ಓದಿದೆ. ಬೆಂಕಿಪೊಟ್ಟಣದಿಂದ ಸೀಮೆಎಣ್ಣೆಯವರೆಗೆ ನಾವು ತೆರಿಗೆ ಕಟ್ಟುತ್ತೇವೆ. ಆ ಹಣದಲ್ಲಿ ನರ್ಸನ್ನು ನೇಮಿಸಬೇಕಾದದ್ದು ಸರ್ಕಾರ. ಅದು ಕೈ ಚೆಲ್ಲಿ ಕೂತರೆ ರೋಗಿಯ ಜೇಬಿಗೆ ಕೈ ಹಾಕುವುದೇ? ಇವತ್ತು ಹತ್ತು ಎನ್ನುತ್ತಾರೆ, ನಾಳೆ ಐವತ್ತು. ಇಲ್ಲಿ ಗಿರಣಿ ಮುಚ್ಚಿ ಮನೆಯಲ್ಲಿ ಕೂತ ಕಾರ್ಮಿಕರ ಹೆಂಡಂದಿರು ಹತ್ತು ರೂಪಾಯಿಗೆ ಒಂದು ದಿನ ಬೀಡಿ ಕಟ್ಟುತ್ತಾರೆ. ಅವರ ಮುಖ ನೋಡಿ ಈ ಮಾತು ಹೇಳಿ ನೋಡೋಣ. ಡಾಕ್ಟರಮ್ಮ ಕುರ್ಚಿ ಹಾಕಿ ಕಾಫಿ ಕೊಟ್ಟಿರಬೇಕು. ನಿಮ್ಮಂಥವರು ಸಿಕ್ಕಿದರೆ ಅವರಿಗೆ ಇನ್ನೇನು ಬೇಕು.

ನನ್ನ ಹತ್ತಿರ ಸಾಕ್ಷಿ ಇದೆ. ಅಣ್ಣನ ಕ್ರಿಯೆ ಮುಗಿಸಿ ಹೊರಡುವಾಗ ಅವನ ಆಸ್ಪತ್ರೆಯ ಕಾಗದಗಳನ್ನು ನಾನು ತಂದಿದ್ದೆ. ಅದರಲ್ಲಿ ಮಾರ್ಚ್ 12ರ ಚೀಟಿ ಇದೆ, ಎರಡು ರೂಪಾಯಿಯ ಮುದ್ರೆ ಇದೆ. ಹಳದಿ ಕಾರ್ಡಿದ್ದವರಿಗೆ ಚೀಟಿ ಉಚಿತ. ಆ ಕಾರ್ಡನ್ನು ಎರಡು ವಾರ ನಿಮ್ಮ ಮನೆಯಲ್ಲಿ ಕೂತು, ಆಫೀಸಿಗೆ ಅಲೆದು, ನಾನೇ ಮಾಡಿಸಿಕೊಟ್ಟದ್ದು. ಅದನ್ನು ತೋರಿಸಿದರೂ ಅಣ್ಣನಿಂದ ಹಣ ಕಿತ್ತಿದ್ದಾರೆ. ಅಷ್ಟೇ ಅಲ್ಲ, ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ 8 ಎಂದು ಬರೆದಿದೆ. ಎರಡು ಸರ್ಕಾರಕ್ಕೆ, ಎಂಟು ಕೌಂಟರಿನಲ್ಲಿ ಕೂತವನಿಗೆ. ಲಂಚಕ್ಕೂ ಲೆಕ್ಕ ಬರೆದಿಡುವ ಧೈರ್ಯ ನೋಡಿ.

ಲಂಚ ಕಿತ್ತದ್ದು ಯಾರಿಂದ? ನಾನು ಹದಿನಾಲ್ಕರ ಹುಡುಗನಾಗಿದ್ದಾಗ ಅವನದೇ ಬಸ್ಸು ಹತ್ತಿದ್ದೆ, ಜೇಬಿನಲ್ಲಿ ಕಾಸಿರಲಿಲ್ಲ. ವರುಣದ ಹತ್ತಿರ ವಿಷಲ್ ಊದಿ ಬಸ್ಸು ನಿಲ್ಲಿಸಿ ನನ್ನನ್ನು ಇಳಿಸಿದ. "ತಮ್ಮ ಆದ್ರೇನು, ಸೀಟಿಗೆ ಸಂಬಂಧ ಗೊತ್ತಾಗಲ್ಲ ಕಣೋ" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಬಿಸಿಲಲ್ಲಿ ಮೈಸೂರಿನವರೆಗೆ ನಡೆದು ಬಂದೆ. ಅಂಥ ಮನುಷ್ಯನಿಂದ ಲಂಚ ತೆಗೆದುಕೊಂಡಿದ್ದಾರೆ.

ಆ ಕೌಂಟರಿನವನ ಮೇಲೆ ಮೇಲಿನವರಿಗೆ ದೂರು ಕೊಟ್ಟಿದ್ದೇನೆ. ಚೀಟಿಯ ಝೆರಾಕ್ಸ್ ಲಗತ್ತಿಸಿದ್ದೇನೆ.

ಸಿದ್ದಲಿಂಗಸ್ವಾಮಿ

*

ವಿದ್ಯಾರಣ್ಯಪುರಂ
10 ಸೆಪ್ಟೆಂಬರ್ 2001

ಸಿದ್ದಲಿಂಗಸ್ವಾಮಿಯವರಿಗೆ,

ನೀವು ದೊಡ್ಡ ಕಾರ್ಯದರ್ಶಿಗಳು. ಇನ್ನು ಮೇಲೆ ನಿಮ್ಮನ್ನು ಬಹುವಚನದಲ್ಲೇ ಕರೆಯುತ್ತೇನೆ.

ನನಗೆ ಡಾಕ್ಟರಮ್ಮ ಕಾಫಿ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೇ ಕಾಫಿ ಕುಡಿಯಲು ಬಿಡುವಿರುವುದಿಲ್ಲ. ನಾನು ಕಲಿತದ್ದು ಏಳನೇ ಕ್ಲಾಸು. ತೆರಿಗೆಯ ವಿಷಯ ನೀವು ಬಲ್ಲಿರಿ. ನಾನು ಬಲ್ಲದ್ದು ನನ್ನ ಕಣ್ಣಿನಲ್ಲಿ ಕಂಡದ್ದು.

ಮದುವೆಯಾದಾಗಿನಿಂದ ನಾನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಎರಡು ಮೂರು ಸಾಲು ಬರೆದಿಡುತ್ತೇನೆ, ಅದು ನಿಮಗೂ ಗೊತ್ತು. ನೀವೇ ಅದನ್ನು ನೋಡಿ ನಗುತ್ತಿದ್ದಿರಿ. ಮಾರ್ಚ್ 12ರ ಪುಟದಿಂದ ಇಳಿಸಿ ಬರೆಯುತ್ತೇನೆ. "ವಾರ್ಡಿನಲ್ಲಿ ನಲವತ್ತು ಮಂಚ, ಐವತ್ತೆಂಟು ಜನ. ಕೆಲವು ಮಂಚದಲ್ಲಿ ಇಬ್ಬರು, ಕೆಲವರು ಚಾಪೆ. ಸಿಸ್ಟರ್ ಒಬ್ಬರೇ, ಬೀರಮ್ಮ ಅಂತ. ಪಕ್ಕದ ಹೆಂಗಸರ ವಾರ್ಡೂ ಅವರದೇ." ಬೆಳಗಿನ ಜಾವ ನಿಮ್ಮ ಅಣ್ಣನಿಗೆ ಮತ್ತೆ ಎದೆ ಹಿಡಿದುಕೊಂಡಿತು. ನಾನು ಓಡಿಹೋಗಿ ಕರೆದಾಗ ಬೀರಮ್ಮ ಪಕ್ಕದ ವಾರ್ಡಿನಲ್ಲಿ ರಕ್ತ ಕಾರುತ್ತಿದ್ದ ಹೆಂಗಸೊಬ್ಬಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. "ಬಂದೆ ಕಣಮ್ಮ, ಬಂದೆ, ಇವ್ಳನ್ನ ಕೆಳಗಿಟ್ರೆ ಹೋಗ್ಬುಡ್ತಾಳೆ" ಎಂದಳು. ಅವಳು ಬರುವಷ್ಟರಲ್ಲಿ ಇವರು ಹೋಗಿದ್ದರು. ಆ ಹೆಂಗಸು ಬದುಕಿದಳಂತೆ.

ಇನ್ನೊಬ್ಬ ಸಿಸ್ಟರ್ ಇದ್ದಿದ್ದರೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಐದಾರು ತಿಂಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ನಿಮ್ಮ ಸರ್ಕಾರ ಯಾವತ್ತು ಕಳಿಸುತ್ತದೋ ಕಳಿಸಲಿ. ಅಲ್ಲಿಯವರೆಗೆ ಹತ್ತು ರೂಪಾಯಿ ಕೊಟ್ಟು ಒಬ್ಬಳನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನು? ನಾನು ಕೊಡುತ್ತೇನೆ.

ಕೌಂಟರಿನವರ ಮೇಲಿನ ದೂರನ್ನು ವಾಪಸ್ ತೆಗೆದುಕೊಳ್ಳಿ. ಅದರಲ್ಲಿ ಹುರುಳಿಲ್ಲ.

ಕಾರ್ಡಿನ ವಿಷಯ ಎತ್ತಬೇಡಿ.

ಗಿರಿಜಾಂಬಾ

*

ದಾವಣಗೆರೆ
24 ಸೆಪ್ಟೆಂಬರ್ 2001

ಅತ್ತಿಗೆಯವರಿಗೆ,

ಬಹುವಚನಕ್ಕೆ ವಂದನೆ.

ಕೌಂಟರಿನವನ ಹೆಸರು ರುದ್ರಸ್ವಾಮಿ ಎಂದು ಈಗ ತಿಳಿಯಿತು. ದಿನಗೂಲಿ ನೌಕರ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಳಿಸಿದ್ದಾರೆ. ನಿಮಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು.

ಹುರುಳಿಲ್ಲ ಎನ್ನುತ್ತೀರಿ, ಏಕೆ ಎಂದು ಹೇಳುವುದಿಲ್ಲ. ಕಾರ್ಡಿನ ವಿಷಯ ಎತ್ತಬೇಡಿ ಎನ್ನುತ್ತೀರಿ. ನನಗೆ ಅರ್ಥವಾಗುತ್ತದೆ. ಯಾರೋ ನಿಮ್ಮ ಮನೆಗೆ ಬಂದು ಹೆದರಿಸಿದ್ದಾರೆ. ಒಬ್ಬಂಟಿ ಹೆಂಗಸು, ಬಾಯಿ ಮುಚ್ಚಿಕೊಂಡಿರಲಿ ಎಂದು. ಇಲ್ಲವಾದರೆ ಮಗಳಿಗೋ ಸೊಸೆಗೋ ಕೆಲಸ ಕೊಡುತ್ತೇವೆ ಎನ್ನಲು ನಿಮಗೆ ಮಗಳೂ ಇಲ್ಲ, ಸೊಸೆಯೂ ಇಲ್ಲ. ಹಾಗಾಗಿ ಹೆದರಿಕೆಯೇ ಇರಬೇಕು.

ಬೀರಮ್ಮನ ಕಥೆ ಕರುಣಾಜನಕವಾಗಿದೆ. ಆದರೆ ಅಣ್ಣ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆ ತಲುಪಿದ್ದಾನೆ, ಚೀಟಿಯಲ್ಲಿ ಸಮಯ ಹನ್ನೆರಡೂ ಹತ್ತು. ಎದೆ ನೋವಿನ ಮನುಷ್ಯ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದಾನೆ. ಕಾರ್ಡಿನವರ ಕೌಂಟರಿನಲ್ಲಿ ಸಾಲೇ ಇರುವುದಿಲ್ಲ ಎಂದು ನಾನು ವಿಚಾರಿಸಿದ್ದೇನೆ. ಅಲ್ಲಿಂದ ಇವನನ್ನು ಓಡಿಸಿ ದುಡ್ಡಿನ ಸಾಲಿಗೆ ನೂಕಿದ್ದಾರೆ. ಆ ಒಂದು ಗಂಟೆ ಹತ್ತು ನಿಮಿಷವೇ ಅವನನ್ನು ಕೊಂದದ್ದು. ರಾತ್ರಿ ಸಿಸ್ಟರ್ ಬಂದಳೋ ಬಿಟ್ಟಳೋ ಆಮೇಲಿನ ಮಾತು.

ನವೆಂಬರ್ 10ರ ಸಭೆಗೆ ನಾನು ಬರುತ್ತೇನೆ. ಚೀಟಿಯನ್ನು ಎಲ್ಲರ ಮುಂದೆ ಎತ್ತಿ ತೋರಿಸುತ್ತೇನೆ. ನೀವು ಕಾರ್ಡನ್ನು ತನ್ನಿ. ಎರಡೂ ಒಟ್ಟಿಗೆ ಇದ್ದರೆ ಮಾತೇ ಬೇಕಿಲ್ಲ.

ಸಿದ್ದಲಿಂಗಸ್ವಾಮಿ

*

ವಿದ್ಯಾರಣ್ಯಪುರಂ
28 ಅಕ್ಟೋಬರ್ 2001

ಸಿದ್ದಲಿಂಗಸ್ವಾಮಿಯವರಿಗೆ,

ಒಂದು ತಿಂಗಳಿಂದ ಈ ಕಾಗದವನ್ನು ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ.

ಮೊನ್ನೆ ವಿಜಯದಶಮಿಯ ದಿನ ಈ ಬೀದಿಯವರೆಲ್ಲ ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡಲು ಹೊರಟಿದ್ದರು. ನಾನು ಬಾಗಿಲಲ್ಲಿ ಕೂತಿದ್ದೆ. ಒಬ್ಬ ಗಂಡಸು ಸೈಕಲ್ ತಳ್ಳಿಕೊಂಡು ಬಂದು ಗೇಟಿನ ಹೊರಗೇ ನಿಂತ. ರುದ್ರಸ್ವಾಮಿ. ನಾನು ಗುರುತು ಹಿಡಿದೆ. ಒಳಗೆ ಬನ್ನಿ ಎಂದೆ, ಬರಲಿಲ್ಲ.

"ಅಮ್ಮ, ಹಬ್ಬದಿನ ಬಂದೆ, ತಪ್ಪು ತಿಳ್ಕೋಬೇಡಿ. ನಾನು ಬೈಯಕ್ಕೂ ಬಂದಿಲ್ಲ, ಬೇಡಕ್ಕೂ ಬಂದಿಲ್ಲ. ಒಂದೇ ಒಂದು ಮಾತು ಕೇಳ್ಬುಟ್ಟು ಹೋಗ್ತೀನಿ. ಅವತ್ತು ನಾನು ಕೇಳ್ದೆ ಅಲ್ವಾ? ಕಾರ್ಡ್ ಇದ್ಯಾ ಅಂತ ಕೇಳ್ದೆ ಅಲ್ವಾ? ಇಲ್ಲ, ನಂಗೇ ಹಂಗನ್ನಿಸ್ತಾ ಇದ್ಯಾ? ಮನೇಲಿ ಹೆಂಡ್ತಿ ನಂಬ್ತಾ ಇಲ್ಲ ಈಗ."

"ಕೇಳಿದ್ರಿ" ಎಂದೆ.

"ಅಷ್ಟೇ ಸಾಕು" ಎಂದ. ಸೈಕಲ್ ತಿರುಗಿಸಿಕೊಂಡು ಹೋದ. ಬೇರೆ ಯಾರಾದರೂ ಆಗಿದ್ದರೆ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದರು, ನನಗೂ ಹಗುರವಾಗುತ್ತಿತ್ತು.

ಈಗ ಅವತ್ತು ನಡೆದದ್ದನ್ನು ಹೇಳುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲೂ ಇದನ್ನು ಬರೆದಿರಲಿಲ್ಲ.

ಆಟೋದಿಂದ ಇಳಿದು ಅವರೇ ನಡೆದುಕೊಂಡು ಒಳಗೆ ಬಂದರು. ಎರಡು ಕೌಂಟರು. ಒಂದರ ಮುಂದೆ ಉದ್ದ ಸಾಲು, ಕಾರ್ಡಿನವರ ಕೌಂಟರಿನ ಮುಂದೆ ಯಾರೂ ಇಲ್ಲ. ಇವರು ಉದ್ದದ ಸಾಲಿನ ಬಾಲಕ್ಕೆ ಹೋಗಿ ನಿಂತರು. ಕಾರ್ಡು ನನ್ನ ಬ್ಯಾಗಿನಲ್ಲಿತ್ತು. ಅವರಿಗೆ ಗೊತ್ತಿಲ್ಲದೆ ನಾನೇ ಹಾಕಿಕೊಂಡಿದ್ದೆ.

ನೀವು ಕಾರ್ಡು ತಂದುಕೊಟ್ಟ ದಿನ ಅವರು ಅದನ್ನು ಓದಿ, "ಬಾಡಿಗೆ ಮನೆ ಅಂತ ಬರ್ಸವ್ನೆ" ಎಂದರು. ಎರಡು ಕೋಣೆಯದಾದರೂ ಇದು ಸ್ವಂತ ಮನೆ, ಹಳದಿ ಕಾರ್ಡು ಸಿಗುವಂಥದ್ದಲ್ಲ. ಇಪ್ಪತ್ತೊಂದು ವರ್ಷ ಕಂತು ಕಟ್ಟಿದ್ದಾರೆ. ನೀವು ಊರಿಗೆ ಹೋದ ಮೇಲೆ ಆ ಕಾರ್ಡನ್ನು ಷೆಲ್ಫಿನ ಮೇಲೆ, ಹಳೆಯ ಪಂಚಾಂಗದ ಕೆಳಗೆ ಇಟ್ಟರು. ಒಂದು ದಿನವೂ ಮುಟ್ಟಲಿಲ್ಲ, ಅದರಲ್ಲಿ ಅಕ್ಕಿ ತರಲೂ ಬಿಡಲಿಲ್ಲ. "ಪ್ರೀತಿಯಿಂದ ಮಾಡವ್ನೆ, ಅವ್ನಿಗೆ ಹೇಳ್ಬೇಡ" ಎಂದರು. ಹಾಗಾಗಿ ಹೇಳಲಿಲ್ಲ.

ಸಾಲಿನಲ್ಲಿ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಯಿತು. ನಾನು ನಿಲ್ಲುತ್ತೇನೆ, ನೀವು ಕೂತುಕೊಳ್ಳಿ ಎಂದೆ. "ನೂಕಾಡ್ತಾರೆ, ನೀನು ಕೂತ್ಕೊ" ಎಂದರು. ಬ್ಯಾಗಿನ ಬಾಯಿ ತೆರೆದು ಕಾರ್ಡಿನ ತುದಿ ತೋರಿಸಿದೆ. ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಹಾಕಿದೆ.

ಕೌಂಟರಿನ ಹತ್ತಿರ ಬಂದಾಗ ರುದ್ರಸ್ವಾಮಿಯೇ, "ಯಜಮಾನ್ರೆ, ತುಂಬಾ ಬೆವರ್ತಾ ಇದೀರಿ. ಕಾರ್ಡ್ ಇದ್ರೆ ಪಕ್ಕಕ್ಕೋಗಿ, ಅಲ್ಲಿ ಯಾರೂ ಇಲ್ಲ" ಎಂದ. ಇವರು, "ಕಾರ್ಡ್ ಇಲ್ಲ. ಒಂದು ಟಿಕೆಟ್ ಕೊಡಿ" ಎಂದರು. ಎಲ್ಲರೂ ಚೀಟಿ ಎನ್ನುತ್ತಾರೆ, ಇವರ ಬಾಯಲ್ಲಿ ಅದೂ ಟಿಕೆಟ್ಟೇ. ಹತ್ತರ ನೋಟು ಕೊಟ್ಟರು. ಚಿಲ್ಲರೆ ಇರಲಿಲ್ಲ. ರುದ್ರಸ್ವಾಮಿ, "ದುಡ್ಡು ಆಮೇಲೆ ಕೊಡಿ, ಮೊದ್ಲು ಡಾಕ್ಟ್ರತ್ರ ಹೋಗಿ" ಎಂದ. ಇವರು ಕೇಳಲಿಲ್ಲ. "ಹಿಂದ್ಗಡೆ ಬರ್ಕೊಡಿ, ಹೋಗೋವಾಗ ಇಸ್ಕೋತೀನಿ" ಎಂದರು.

ಆ 8 ಎಂದರೆ ಅದು. ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಕಂಡಕ್ಟರ್ ಬರೆದುಕೊಡುವುದಿಲ್ಲವೇ? ನಿಮ್ಮ ಅಣ್ಣ ಮೂವತ್ತು ವರ್ಷ ಅದನ್ನೇ ಬರೆದವರು. ಅವರ ತಮ್ಮನಾಗಿ ನಿಮಗೆ ಅದು ಲಂಚ ಎಂದು ಕಂಡಿತು.

ಇನ್ನು ನಿಮಗೆ ಬೇಕಾದದ್ದನ್ನು ಮಾಡಿ. ನಾನು 10ನೇ ತಾರೀಕು ಸಭೆಯಲ್ಲಿ ಇದನ್ನೇ ಹೇಳುತ್ತೇನೆ.

ಗಿರಿಜಾಂಬಾ

*

ದಾವಣಗೆರೆ
3 ನವೆಂಬರ್ 2001

ಅತ್ತಿಗೆಯವರಿಗೆ,

ಹಾಗಾದರೆ ನಾನು ಬರೆಸಿದ ಎರಡು ಪದ ನನ್ನ ಅಣ್ಣನನ್ನು ಕೊಂದಿತು. ನೀವು ಹೇಳಬೇಕೆಂದಿದ್ದು ಅದೇ ತಾನೇ. ಎಂಟು ತಿಂಗಳು ಮನಸ್ಸಿನಲ್ಲಿಟ್ಟುಕೊಂಡಿದ್ದು ಅದೇ ತಾನೇ.

ಅವನು ಕೆಲಸ ಬಿಟ್ಟ ಮೇಲೆ ಕಂಪನಿಯಿಂದ ಬಿಡಿಗಾಸು ಬರಲಿಲ್ಲ. ನೀವು ಊರವರ ರವಿಕೆ ಹೊಲಿದು ಒಲೆ ಹಚ್ಚುತ್ತಿದ್ದಿರಿ. ಅದು ಬಡತನವಲ್ಲದೆ ಏನು? ಇಟ್ಟಿಗೆಯ ಎರಡು ಕೋಣೆ ಇದೆ ಎಂದ ಕೂಡಲೇ ಮನುಷ್ಯ ಸಾಹುಕಾರನಾಗುತ್ತಾನೆಯೇ? ಫಾರಂ ಬರೆದವರು ನಮ್ಮಂಥವರನ್ನು ನೋಡಿ ಬರೆದಿಲ್ಲ. ಅದಕ್ಕೆ ನಾನು ಸುಳ್ಳು ಬರೆಸಿದೆ. ಇನ್ನೊಂದು ಸಲ ಬೇಕಾದರೂ ಬರೆಸುತ್ತೇನೆ.

ಅವನು ಬದುಕಿದ್ದಾಗ ಟಿಕೆಟ್ ಇಲ್ಲವೆಂದು ನನ್ನನ್ನು ಇಳಿಸಿದ. ಸಾಯುವಾಗ ನಾನು ಕೊಟ್ಟದ್ದನ್ನು ಪಂಚಾಂಗದ ಕೆಳಗಿಟ್ಟು ಇಳಿಸಿದ.

ಆದರೆ ಅತ್ತಿಗೆ, ಕಾರ್ಡು ಇದ್ದದ್ದು ನಿಮ್ಮ ಬ್ಯಾಗಿನಲ್ಲಿ. ಅವನ ಬೆನ್ನು ಒದ್ದೆಯಾಗುವುದನ್ನು ನೋಡಿದವರು ನೀವು. ಒಂದು ನೋಟಕ್ಕೆ ಹೆದರಿ ಒಳಗೆ ಹಾಕಿದವರು ನೀವು. ಇದನ್ನೂ ಸಭೆಯಲ್ಲಿ ಹೇಳುತ್ತೀರಾ?

ನಾನು ಬರುವುದಿಲ್ಲ.

ಸಿದ್ದಲಿಂಗಸ್ವಾಮಿ

*

ವಿದ್ಯಾರಣ್ಯಪುರಂ
14 ನವೆಂಬರ್ 2001

ಸಿದ್ದಲಿಂಗಸ್ವಾಮಿಯವರಿಗೆ,

ಅದನ್ನೂ ಹೇಳಿದೆ.

ಆಸ್ಪತ್ರೆಯ ಹಿಂದಿನ ಷೆಡ್ಡಿನಲ್ಲಿ ಸಭೆ ಇತ್ತು. ನೂರೈವತ್ತು ಜನ ಇದ್ದರೇನೋ. ನಿಮ್ಮ ಸಮಿತಿಯ ಹುಡುಗರು ಹಿಂದೆ ಬ್ಯಾನರ್ ಹಿಡಿದು ನಿಂತಿದ್ದರು, ಅದರ ಮೇಲೂ ನಿಮ್ಮ ಅಣ್ಣನ ಮುಖ. ಹೇಳಬೇಕಾದದ್ದನ್ನು ಒಂದು ಕಾಗದದಲ್ಲಿ ಬರೆದುಕೊಂಡಿದ್ದೆ, ಓದಲು ಆಗಲಿಲ್ಲ. ಬಾಯಿಗೆ ಬಂದಂತೆ ಹೇಳಿದೆ. ಕಾರ್ಡು ಬ್ಯಾಗಿನಲ್ಲಿತ್ತು ಎಂದೆ, ಅದು ಸುಳ್ಳು ಕಾರ್ಡು ಎಂದೆ, ಕೌಂಟರಿನವರು ಕೇಳಿದರು, ನಾನು ತೆಗೆಯಲಿಲ್ಲ ಎಂದೆ. ಎಂಟು ಎಂದರೆ ಚಿಲ್ಲರೆ ಎಂದೆ.

ಬ್ಯಾನರ್ ಹಿಡಿದವನೊಬ್ಬ, "ಅಮ್ಮ, ಆಸ್ಪತ್ರೆಯೋರು ಎಷ್ಟು ಕೊಟ್ರು?" ಎಂದು ಕೂಗಿದ. ಕೆಲವರು ನಕ್ಕರು. ಆಗ ನಮ್ಮ ನಂಜುಂಡಯ್ಯನವರು ಎದ್ದು, "ಲೇ, ಆ ಯಮ್ಮ ಮಾತಾಡೋದ್ನ ನಾನು ಹತ್ತೊಂಬತ್ತು ವರ್ಷದಲ್ಲಿ ಇವತ್ತೇ ಕೇಳ್ತಿರೋದು. ಸುಮ್ನಿರ್ರೋ" ಎಂದರು. ಅವರಿಂದ ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಶುಲ್ಕ ಜಾಸ್ತಿ ಮಾಡಿ, ಇನ್ನೊಬ್ಬ ಸಿಸ್ಟರನ್ನು ಹಾಕಿ ಎಂದೆ. ಡಾಕ್ಟರಮ್ಮ ತಲೆ ಆಡಿಸಿದರು. ಅಷ್ಟಕ್ಕೆ ಕೂತಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ನಾನು ಕೂರಲಿಲ್ಲ. ನನ್ನ ಯಜಮಾನರು ಕಂಡಕ್ಟರು, ಅವರಿಗಿಂತ ಕಟ್ಟುನಿಟ್ಟಿನವರು ಆ ಲೈನಿನಲ್ಲಿ ಇರಲಿಲ್ಲ ಎಂದೆ. ಆದರೆ ಅವರೂ ಬಸ್ಸಿನ ಬಾಗಿಲಲ್ಲಿ ನಿಂತು ಟಿಕೆಟ್ ಕೇಳಿದವರಲ್ಲ. ಮೊದಲು ಹತ್ತಿಸಿಕೊಳ್ಳುತ್ತಿದ್ದರು, ಮುದುಕರನ್ನು ಕೈ ಹಿಡಿದು ಕೂರಿಸುತ್ತಿದ್ದರು, ಬಸ್ಸು ಹೊರಟ ಮೇಲೆ ಟಿಕೆಟ್. ನೀವು ಹತ್ತಾದರೂ ಮಾಡಿ, ಇಪ್ಪತ್ತಾದರೂ ಮಾಡಿ, ಮೊದಲು ಡಾಕ್ಟರು ನೋಡಲಿ, ಆಮೇಲೆ ಹಣ ಕೇಳಿ. ಇಲ್ಲದವನನ್ನು ನಡುದಾರಿಯಲ್ಲಿ ಇಳಿಸಬೇಡಿ. ಹೀಗೆ ಹೇಳಿದೆ.

ಕೊನೆಯ ಮಾತು ಹೇಳುವಾಗ ವರುಣದ ಹತ್ತಿರ ನಡೆದು ಬರುತ್ತಿದ್ದ ಒಬ್ಬ ಹುಡುಗ ನೆನಪಾದ. ಅದನ್ನು ಅಲ್ಲಿ ಹೇಳಲಿಲ್ಲ.

ಹತ್ತು ಬೇಡ, ಐದು ಸಾಕು ಎಂದು ತೀರ್ಮಾನವಾಯಿತು. ಮೂರು ತಿಂಗಳ ಮಟ್ಟಿಗೆ ಒಬ್ಬ ಸಿಸ್ಟರನ್ನು ಹಾಕುತ್ತಾರೆ. ಕೌಂಟರು ಎಲ್ಲಿದೆಯೋ ಅಲ್ಲೇ ಇರುತ್ತದೆಯಂತೆ. "ಎಲ್ಲರೂ ತಪ್ಪಿಸಿಕೊಂಡು ಹೋಗ್ತಾರೆ ಅಮ್ಮ" ಎಂದು ಡಾಕ್ಟರಮ್ಮ ಹೇಳಿದರು. ಬೀರಮ್ಮ ಹೊರಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಹೋಗುವಾಗ ನನ್ನ ಕೈ ಒತ್ತಿದಳು.

ನಾನು ಹೇಳಿದ್ದನ್ನು ಬರೆದುಕೊಂಡಿದ್ದಾರೆ, ಆದರೆ ದೂರು ಕೊಟ್ಟವರು ವಾಪಸ್ ತೆಗೆದುಕೊಳ್ಳುವವರೆಗೆ ರುದ್ರಸ್ವಾಮಿಯನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಅವನ ಅನ್ನ ಈಗ ನಿಮ್ಮ ಒಂದು ರುಜುವಿನಲ್ಲಿದೆ.

ಗಿರಿಜಾಂಬಾ

*

ದಾವಣಗೆರೆ
21 ಜನವರಿ 2002

ಅತ್ತಿಗೆಯವರಿಗೆ,

ದೂರನ್ನು ಡಿಸೆಂಬರ್ ಮೊದಲ ವಾರವೇ ವಾಪಸ್ ತೆಗೆದುಕೊಂಡೆ. ಇಷ್ಟರಲ್ಲಿ ನಿಮಗೆ ತಿಳಿದಿರಬೇಕು. ನನ್ನ ಸಮಿತಿಯವರೇ ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ಸರಿಯಾಗಿಯೇ ಮಾಡಿದರು. ಫೋಟೊ ಇನ್ನು ಎಲ್ಲೂ ಇರುವುದಿಲ್ಲ.

ಇದರಿಂದ ನೀವು ಗೆದ್ದಿರಿ ಎಂದುಕೊಳ್ಳಬೇಡಿ. ಇಲ್ಲಿಯ ಆಸ್ಪತ್ರೆಯಲ್ಲೂ ಚೀಟಿ ಐದು ರೂಪಾಯಿ ಆಗಿದೆ. ಹೋದ ವಾರ ನಮ್ಮ ಬೀದಿಯ ಸಿದ್ದಪ್ಪಾಜಿ ಎಂಬ ಹಮಾಲಿ ಕೌಂಟರಿನವರೆಗೆ ಹೋಗಿ, ಐದು ಎಂದು ಕೇಳಿ, ಜೇಬು ಮುಟ್ಟಿ ನೋಡಿಕೊಂಡು ವಾಪಸ್ ಬಂದ. ಅವನಿಗೆ ಯಾವ ಬಣ್ಣದ ಕಾರ್ಡೂ ಇಲ್ಲ, ಮಾಡಿಸಲು ಓಡಾಡುವ ತಮ್ಮನೂ ಇಲ್ಲ. ಕಾಲು ಕೊಳೆಯುತ್ತಿದೆ. ನಿಮ್ಮ ರಾತ್ರಿ ಪಾಳಿಯ ಸಿಸ್ಟರಿಗೆ ಸಂಬಳ ಕೊಡಲು ಅವನ ಜೇಬಿನಲ್ಲಿ ಐದು ರೂಪಾಯಿ ಇರಲಿಲ್ಲ. ಅವನು ಹತ್ತಲೇ ಇಲ್ಲ. ಬಾಗಿಲಲ್ಲೇ ಉಳಿದ. ನಿಮ್ಮ ಲೆಕ್ಕದಲ್ಲಿ ಅವನೆಲ್ಲಿ ಬರುತ್ತಾನೆ?

ನಾನು ಇನ್ನೂ ವಿರೋಧಿಯೇ. ನಿಮ್ಮ ಮನೆಗೆ ಬರುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಡಿ.

ಸಿದ್ದಲಿಂಗಸ್ವಾಮಿ

*

ವಿದ್ಯಾರಣ್ಯಪುರಂ
19 ಮಾರ್ಚ್ 2002

ಸಿದ್ದಲಿಂಗನಿಗೆ,

ಉತ್ತರ ಬರೆಯಬೇಡಿ ಎಂದಿದ್ದೆ ನೀನು. ಎರಡು ತಿಂಗಳು ಬರೆಯಲಿಲ್ಲ.

13ನೇ ತಾರೀಕು ವರ್ಷ ತುಂಬಿತು. ಸಮಾಧಿಗೆ ವಿಭೂತಿ, ಹೂವು ಇಟ್ಟು ಬಂದು ಸಂಜೆಯವರೆಗೆ ಬಾಗಿಲು ತೆರೆದೇ ಇಟ್ಟಿದ್ದೆ. ನೀನು ಬರಲಿಲ್ಲ, ಬರುವುದಿಲ್ಲ ಎಂದು ಬರೆದಿದ್ದೆಯಲ್ಲ ಎಂದುಕೊಂಡೆ.

ನಿನ್ನೆ, ಈಗ ಮತ್ತೆ ಕೌಂಟರಿನಲ್ಲಿ ಕೂರುವ ರುದ್ರಸ್ವಾಮಿ ಹೇಳಿದ. 13ನೇ ತಾರೀಕು ಹನ್ನೊಂದು ಗಂಟೆಗೆ ಒಬ್ಬರು ದುಡ್ಡಿನ ಸಾಲಿನ ಬಾಲಕ್ಕೆ ಬಂದು ನಿಂತರಂತೆ. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತಂತೆ, ಅಣ್ಣನ ಹಣೆಯೇ ನಿನಗೂ ಇದೆ. ಒಂದು ಗಂಟೆ ನಿಂತು ಕೌಂಟರಿಗೆ ಬಂದು, ಹಳೆಯ ಚೀಟಿಯೊಂದನ್ನು ಹಿಂಬದಿ ಮೇಲೆ ಮಾಡಿ ಒಳಗೆ ತಳ್ಳಿದೆಯಂತೆ. ಅವನು ಎಂಟು ರೂಪಾಯಿ ಎಣಿಸಿ ಕೊಟ್ಟು, 8ರ ಮೇಲೆ ಗೆರೆ ಎಳೆದು, ಚೀಟಿಯನ್ನು ವಾಪಸ್ ಕೊಟ್ಟನಂತೆ.

"ಹಿಂದೆ ನಿಂತಿರೋರಿಗೆ ಚೀಟಿ ಕೊಡಿ ಅಂತ ದುಡ್ಡು ಅಲ್ಲೇ ಇಟ್ಬುಟ್ರು ಅಮ್ಮ. ಎಂಟ್ರುಪಾಯ್ಗೆ ಈಗ ಒಂದೇ ಚೀಟಿ ಬರೋದು, ಮೂರ್ರುಪಾಯಿ ಮಿಕ್ತದೆ, ಅದನ್ನೇನ್ಮಾಡ್ಲಿ ಅಂತ ಕೇಳೋಣ ಅಂತ ತಲೆ ಎತ್ತುದ್ರೆ ಹೋಗ್ಬುಟ್ಟಿದ್ರು" ಎಂದ. ಆ ಮೂರು ರೂಪಾಯಿಯನ್ನು ಒಂದು ಡಬ್ಬದಲ್ಲಿ ಹಾಕಿಟ್ಟಿದ್ದಾನೆ. ಎರಡು ಸೇರಿಸಿ ಇನ್ನೊಂದು ಚೀಟಿ ಮಾಡು ಎಂದು ಕೊಟ್ಟೆ.

ಮೂರು ತಿಂಗಳಿಗೆಂದು ಹಾಕಿದ ಸಿಸ್ಟರನ್ನು ಇನ್ನೂ ಮೂರು ತಿಂಗಳು ಮುಂದುವರಿಸಿದ್ದಾರೆ. ಸಂಕ್ರಾಂತಿಯ ಹಿಂದಿನ ರಾತ್ರಿ ಒಬ್ಬ ಗಾರೆ ಕೆಲಸದವನು ಅವಳಿಂದ ಉಳಿದನಂತೆ, ಬೀರಮ್ಮ ಹೇಳಿದಳು. ಹಾಗಾಗಿ ನಾನು ಹೇಳಿದ್ದು ತಪ್ಪು ಎಂದು ಒಪ್ಪುವುದಿಲ್ಲ. ನಿನ್ನ ಸಿದ್ದಪ್ಪಾಜಿ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕಾಲು ಹೇಗಿದೆ?

ಕಾರ್ಡನ್ನು ಇದರ ಜೊತೆಗೆ ಇಟ್ಟಿದ್ದೇನೆ. ಮಾಡಿಸಿದವನು ನೀನು, ನೀನೇ ವಾಪಸ್ ಕೊಡು.

ಬ್ಯಾಗಿನಲ್ಲಿದ್ದ ಕಾರ್ಡಿನ ಬಗ್ಗೆ ನೀನು ನವೆಂಬರಿನಲ್ಲಿ ಕೇಳಿದ್ದಕ್ಕೆ ನಾನು ಸಭೆಯಲ್ಲಿ ಉತ್ತರ ಹೇಳಿದೆ, ನಿನಗೆ ಹೇಳಲಿಲ್ಲ. ತೆಗೆಯಬೇಕಾಗಿತ್ತು. ಅವರು ಬೈಯಲಿ, ಆಯುಷ್ಯವಿಡೀ ಮಾತು ಬಿಡಲಿ, ತೆಗೆಯಬೇಕಾಗಿತ್ತು. ನೀನು ಬರೆದದ್ದು ನಿಜ. ಅದಕ್ಕೇ ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ.

ಡಿಸೆಂಬರಿನಿಂದ ಸೋಮವಾರ ಸೋಮವಾರ ನಾನು ಆಸ್ಪತ್ರೆಗೆ ಹೋಗುತ್ತೇನೆ. ಕೌಂಟರನ್ನು ಅವರು ಸರಿಸಲಿಲ್ಲವಲ್ಲ. ಸಾಲಿನಲ್ಲಿ ನಿಲ್ಲಲಾಗದವರನ್ನು ಬೆಂಚಿನ ಮೇಲೆ ಕೂರಿಸಿ ಅವರ ಜಾಗದಲ್ಲಿ ನಾನು ನಿಲ್ಲುತ್ತೇನೆ. ಅವರ ಹೆಸರು, ವಯಸ್ಸು, ಎಲ್ಲಿ ನೋವು ಎಂದು ಕೇಳಿಕೊಂಡು ಹೋಗಿ ಚೀಟಿ ತಂದುಕೊಡುತ್ತೇನೆ. ಕೆಲವರು ದುಡ್ಡು ಕೊಡುತ್ತಾರೆ, ಕೆಲವರ ಹತ್ತಿರ ಇರುವುದಿಲ್ಲ. ಒಂದು ಬೆಳಿಗ್ಗೆಗೆ ಎರಡು ಮೂರು ಸಲ ಬಾಲದಿಂದ ಶುರು ಮಾಡಬೇಕು. ಈಗ ಯಾರೂ ನನ್ನನ್ನು ನೂಕುವುದಿಲ್ಲ.

ನನ್ನೊಬ್ಬಳ ಕೈಲಿ ಆಗುತ್ತಿಲ್ಲ, ಮಂಡಿ ಹಿಡಿಯುತ್ತದೆ. ಮನೆಗೆ ಬರುವುದಿಲ್ಲ ಎಂದಿದ್ದೀಯ, ಬರಬೇಡ. ಸೋಮವಾರ ಅಲ್ಲಿಗೆ ಬಾ. ಸಾಲು ಹತ್ತೂವರೆಗೆ ಶುರುವಾಗುತ್ತದೆ.

ನಿನ್ನ ಅತ್ತಿಗೆ
ಗಿರಿಜಾಂಬಾ